ಮೈಗೂ ಒಂದು ಹದ ಬೇಕು

(ರೈತ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬೀಜ, ಗೊಬ್ಬರ, ಕೀಟಗಳ ವಿಷಯ ಹೇಳಲು ನಾನು ನಿಮ್ಮ ಬಳಿಗೆ ಬರುವುದು ವಾಡಿಕೆ. ಇಂದು ಬೆಳೆಯ ಮಾತನ್ನು ಬದಿಗಿಟ್ಟು, ಬೆಳೆಯುವವರ ಮೈಯ ಮಾತನ್ನು ಆಡಬೇಕೆಂದಿದ್ದೇನೆ.

ಎತ್ತು ಕುಂಟಿದರೆ ಅದೇ ದಿನ ಪಶುವೈದ್ಯರನ್ನು ಕರೆಸುತ್ತೇವೆ. ಟ್ರ್ಯಾಕ್ಟರಿಗೆ ಎಣ್ಣೆ ಹಾಕಿಸುವುದನ್ನು ಮರೆಯುವುದಿಲ್ಲ. ಆದರೆ ಮನೆಯ ಯಜಮಾನ ಟೊಂಕ ಹಿಡಿದುಕೊಂಡು ಎದ್ದರೆ, "ದುಡಿಯುವ ಮೈ, ಇದು ಇದ್ದದ್ದೇ" ಎಂದು ಸುಮ್ಮನಾಗುತ್ತೇವೆ. ಕಸ ತೆಗೆದು ಬಂದ ತಾಯಿ ರಾತ್ರಿ ಬೆನ್ನಿಗೆ ಬಿಸಿನೀರು ಹಾಕಿಸಿಕೊಂಡು ಮಲಗಿ, ಬೆಳಗಾದರೆ ಮತ್ತೆ ಅದೇ ಸಾಲಿನಲ್ಲಿ ಬಾಗುತ್ತಾಳೆ. ಆಟದಲ್ಲಿ ಮೊಳಕಾಲು ತಿರುವಿಕೊಂಡ ಹುಡುಗ ಮುಂದೆ ಜೀವನಪೂರ್ತಿ ಆ ಕಾಲನ್ನು ಜೋಪಾನ ಮಾಡುತ್ತ ಉಳುಮೆ ಮಾಡುತ್ತಾನೆ. ಇದೆಲ್ಲ ಹಣೆಬರಹವೆಂದು ನಾವು ತಿಳಿದಿದ್ದೇವೆ. ಆದರೆ ಇದರಲ್ಲಿ ಬಹುಪಾಲು ಹಣೆಬರಹವಲ್ಲ, ಲೆಕ್ಕದ ಮಾತು. ಬಿತ್ತನೆಗೆ ನೆಲದ ಹದ ನೋಡುವ ನಾವು ಎತ್ತುವಾಗ, ಬಾಗುವಾಗ, ಜಿಗಿಯುವಾಗ ಮೈಯ ಹದ ನೋಡಿದರೆ ಎಷ್ಟೋ ನೋವುಗಳನ್ನು ತಪ್ಪಿಸಬಹುದು. ಆ ಲೆಕ್ಕವನ್ನೇ ಇಂದು ನಿಮ್ಮ ಮುಂದೆ ಇಡುತ್ತೇನೆ.

ಹಾರೆಯ ಲೆಕ್ಕ

ದೇಹದ ಚಲನೆಯನ್ನು ಯಂತ್ರದ ಲೆಕ್ಕದಿಂದ ನೋಡುವ ಒಂದು ಶಾಸ್ತ್ರವಿದೆ. ಅದನ್ನು ಬಯೋಮೆಕ್ಯಾನಿಕ್ಸ್ ಎನ್ನುತ್ತಾರೆ. ಇಂದು ದೊಡ್ಡ ಆಟಗಾರರು ಓಡುವಾಗ, ಜಿಗಿಯುವಾಗ ಕ್ಯಾಮೆರಾಗಳಿಂದ ಅಳೆದು ತಪ್ಪು ತಿದ್ದುವುದು ಇದೇ ಶಾಸ್ತ್ರದ ಬಲದಿಂದ. ಇದು ಹೊಸದಲ್ಲ. ಇಟಲಿ ದೇಶದ ಬೊರೆಲ್ಲಿ ಎಂಬ ವಿದ್ವಾಂಸನು ಪ್ರಾಣಿಗಳ ಚಲನೆಯ ಮೇಲೆ ಬರೆದ ಗ್ರಂಥವು ಅವನು ತೀರಿಕೊಂಡ ಮರುವರ್ಷ, 1680ರಲ್ಲಿ ಅಚ್ಚಾಯಿತು. ಅವನು ಕಂಡ ಮುಖ್ಯ ಸಂಗತಿ ಇದು: ನಮ್ಮ ಎಲುಬುಗಳು ಹಾರೆಗಳಂತೆ, ಕೀಲುಗಳು ಹಾರೆಯ ಕೆಳಗಿಡುವ ಒತ್ತುಗಲ್ಲಿನಂತೆ, ಸ್ನಾಯುಗಳು ಎಳೆಯುವ ಹಗ್ಗದಂತೆ ಕೆಲಸ ಮಾಡುತ್ತವೆ.

ಹೊಲದಲ್ಲಿ ಬಂಡೆ ಎಬ್ಬಿಸುವಾಗ ನಾವೇನು ಮಾಡುತ್ತೇವೆ? ಒತ್ತುಗಲ್ಲನ್ನು ಬಂಡೆಯ ಹತ್ತಿರ ಇಟ್ಟು, ಹಾರೆಯ ಉದ್ದ ತುದಿಯನ್ನು ಒತ್ತುತ್ತೇವೆ. ಸ್ವಲ್ಪ ಬಲಕ್ಕೆ ದೊಡ್ಡ ಬಂಡೆ ಏಳುತ್ತದೆ. ದೇಹದಲ್ಲಿ ಇದು ತಿರುವುಮುರುವು. ಇಲ್ಲಿ ಭಾರವು ಉದ್ದ ತುದಿಯಲ್ಲಿದೆ, ಎಳೆಯುವ ಸ್ನಾಯು ಮೋಟು ತುದಿಯಲ್ಲಿದೆ. ಆದ್ದರಿಂದ ಕೈಯಲ್ಲಿರುವ ಭಾರಕ್ಕಿಂತ ಎಷ್ಟೋ ಪಟ್ಟು ಬಲವನ್ನು ಸ್ನಾಯು ಹಾಕಬೇಕಾಗುತ್ತದೆ. ಅಷ್ಟೂ ಬಲ ಕೀಲಿನ ಮೇಲೆ ಒತ್ತುತ್ತದೆ.

ಈಗ ಟೊಂಕದ ಲೆಕ್ಕ ಹಾಕೋಣ. ಸುಲಭವಾಗಲೆಂದು ಅಂದಾಜಿನ ಸಂಖ್ಯೆಗಳನ್ನು ತೆಗೆದುಕೊಳ್ಳುತ್ತೇನೆ. ಬೆನ್ನೆಲುಬಿನ ಹಿಂದೆ ನಮ್ಮನ್ನು ನೆಟ್ಟಗೆ ನಿಲ್ಲಿಸುವ ಸ್ನಾಯುಗಳು ಬೆನ್ನಮಣಿಯ ನಡುವಿನಿಂದ ಸುಮಾರು 5 ಸೆಂಟಿಮೀಟರ್, ಅಂದರೆ ಎರಡು ಅಂಗುಲ ದೂರದಲ್ಲಿವೆ. ನೀವು ಕಾಲು ನೆಟ್ಟಗಿಟ್ಟು ಬಾಗಿದರೆ ತಲೆ, ಕೈ, ಎದೆ ಸೇರಿ ಸುಮಾರು 30 ಕಿಲೋ ತೂಕವು ಟೊಂಕದಿಂದ ಒಂದು ಗೇಣು, ಅಂದರೆ 25 ಸೆಂಟಿಮೀಟರ್ ಮುಂದಕ್ಕೆ ಬರುತ್ತದೆ. ಗೇಣು ಎರಡು ಅಂಗುಲದ ಐದು ಪಟ್ಟು. ಹಾಗಾದರೆ ಸ್ನಾಯು 30ರ ಐದು ಪಟ್ಟು, 150 ಕಿಲೋ ಬಲದಿಂದ ಎಳೆಯಬೇಕು. ಗಮನಿಸಿರಿ, ಇನ್ನೂ ಕೈಯಲ್ಲಿ ಏನೂ ಇಲ್ಲ.

ಈಗ 20 ಕಿಲೋ ಬುಟ್ಟಿಯನ್ನು ಎತ್ತಿರಿ. ಅದು ಟೊಂಕದಿಂದ 50 ಸೆಂಟಿಮೀಟರ್ ದೂರದಲ್ಲಿದ್ದರೆ ಹತ್ತು ಪಟ್ಟು, ಅಂದರೆ ಇನ್ನೂ 200 ಕಿಲೋ ಸೇರುತ್ತದೆ. ಒಟ್ಟು 350 ಆಯಿತು. ಅದೇ ಬುಟ್ಟಿಯನ್ನು ಮೈಗೆ ಹತ್ತಿರ ಎಳೆದುಕೊಂಡು 25 ಸೆಂಟಿಮೀಟರಿಗೆ ತಂದರೆ ಸೇರುವುದು 100 ಮಾತ್ರ. ಬುಟ್ಟಿ ಅದೇ, ತೂಕ ಅದೇ, ಎತ್ತುವವನೂ ಅವನೇ. ಒಂದು ಗೇಣು ಹತ್ತಿರ ತಂದದ್ದಕ್ಕೆ ಟೊಂಕಕ್ಕೆ ನೂರು ಕಿಲೋ ಉಳಿತಾಯ. ಇಂದಿನ ನನ್ನ ಭಾಷಣದಲ್ಲಿ ಒಂದೇ ಮಾತನ್ನು ನೆನಪಿಡುವುದಾದರೆ ಇದನ್ನು ನೆನಪಿಡಿರಿ: ಭಾರವನ್ನು ಮೈಗೆ ಅಂಟಿಸಿಕೊಳ್ಳಿ.

ಅಳೆದು ನೋಡಿದ ಮಾತು

ಇದು ಕಾಗದದ ಲೆಕ್ಕವಷ್ಟೇ ಎಂದು ಯಾರಾದರೂ ಕೇಳಬಹುದು. ಬೆನ್ನಮಣಿಗಳ ನಡುವೆ ಡಿಸ್ಕ್ ಎಂಬ ಮೆತ್ತೆಗಳಿವೆ. ಚಕ್ಕಡಿಯ ಹಲಗೆಯ ಮೇಲೆ ಹುಲ್ಲಿನ ಮೆತ್ತೆ ಹಾಕಿದ ಹಾಗೆ ಅವು ಕುಲುಕಾಟವನ್ನು ತಡೆಯುತ್ತವೆ. ಜರ್ಮನಿಯ ಉಲ್ಮ್ ನಗರದ ಸಂಶೋಧಕರು ಒಬ್ಬ ವ್ಯಕ್ತಿಯ ಟೊಂಕದ ಮೆತ್ತೆಯೊಳಗೆ ಒತ್ತಡ ಅಳೆಯುವ ಸಣ್ಣ ಉಪಕರಣವನ್ನು ಇಟ್ಟು, ಅವನು ನಿಂತಾಗ, ಕುಳಿತಾಗ, ಎತ್ತಿದಾಗ ಅಳೆದು 1999ರಲ್ಲಿ ಪ್ರಕಟಿಸಿದರು.

ಸುಮ್ಮನೆ ನಿಂತಾಗ ಒಂದು ಚದರ ಸೆಂಟಿಮೀಟರಿಗೆ ಸುಮಾರು 5 ಕಿಲೋ ಒತ್ತಡವಿತ್ತು. 20 ಕಿಲೋ ಭಾರವನ್ನು ಮೈಗೆ ಹತ್ತಿರ ಹಿಡಿದು ನಿಂತಾಗ 11. ಅದೇ ಭಾರವನ್ನು ಎದೆಯಿಂದ 60 ಸೆಂಟಿಮೀಟರ್ ದೂರ ಹಿಡಿದಾಗ 18. ಮೊಳಕಾಲು ಮಡಿಸಿ ನೆಲದಿಂದ ಎತ್ತಿದಾಗ 17. ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ಎತ್ತಿದಾಗ 23. ಅಳತೆ ಒಬ್ಬನದೇ ಆದ್ದರಿಂದ ಸಂಖ್ಯೆಗಳು ಆಳಿನಿಂದ ಆಳಿಗೆ ಬೇರೆಯಾದಾವು. ಆದರೆ ದಿಕ್ಕು ಸ್ಪಷ್ಟವಾಗಿದೆ. ಭಾರ ದೂರ ಹೋದಷ್ಟೂ, ಬೆನ್ನು ಬಾಗಿದಷ್ಟೂ ಮೆತ್ತೆ ನಲುಗುತ್ತದೆ.

"ಹಾಗಾದರೆ ಯಾವಾಗಲೂ ಕುಕ್ಕರಗಾಲಿನಲ್ಲಿ ಕುಳಿತೇ ಎತ್ತಬೇಕೇ?" ಎಂದರೆ, ಹಾಗೂ ಇಲ್ಲ. ಭಾರವು ಎರಡು ಮೊಳಕಾಲುಗಳ ನಡುವೆ ಬರುವಷ್ಟು ಸಣ್ಣದಾಗಿದ್ದರೆ ಕುಳಿತು ಎತ್ತುವುದು ಒಳ್ಳೆಯದು. ಮೊಳಕಾಲು ಅಡ್ಡ ಬಂದು ಚೀಲ ಮತ್ತಷ್ಟು ದೂರ ಹೋಗುವಂತಿದ್ದರೆ ಅದರಿಂದ ಲಾಭವಿಲ್ಲ. ಅಂಥ ಚೀಲವನ್ನು ಇಬ್ಬರು ಹಿಡಿಯಬೇಕು.

ನಮ್ಮ ಪೇಟೆ, ನಮ್ಮ ಚೀಲ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯನ್ನು ನೋಡದವರು ನಿಮ್ಮಲ್ಲಿ ಇರಲಾರರು. 2011ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ ಮೆಣಸಿನಕಾಯಿ, ಚೀಲ ಚೀಲವಾಗಿ ಅಲ್ಲಿ ಬಂದು ಬೀಳುತ್ತದೆ. ಒಣ ಮೆಣಸಿನಕಾಯಿ ಹಗುರ. ಆದರೆ ಚೀಲ ದೊಡ್ಡದು, ಉಬ್ಬಿದ್ದು. ಹಿಂದಿನ ಲೆಕ್ಕವನ್ನು ನೆನೆಯಿರಿ. ಚೀಲ ಉಬ್ಬಿದಷ್ಟೂ ಅದರ ತೂಕದ ನಡುಭಾಗ ನಮ್ಮ ಟೊಂಕದಿಂದ ದೂರ ಸರಿಯುತ್ತದೆ. ಆದ್ದರಿಂದ ಹಗುರವೆಂದು ನಂಬಿ ಒಬ್ಬರೇ ತೆಕ್ಕೆಹಾಯ್ದು ಎತ್ತಿ, ಸರಕ್ಕನೆ ಮೈ ತಿರುವಿ ಗಾಡಿಗೆ ಎಸೆಯುವುದು ಬೆನ್ನಿಗೆ ಕೆಟ್ಟದ್ದು. ಬಾಗಿದ ಬೆನ್ನನ್ನು ಭಾರದೊಡನೆ ತಿರುವುವುದು ಒದ್ದೆ ಬಟ್ಟೆ ಹಿಂಡಿದ ಹಾಗೆ. ಮೆತ್ತೆಯ ಹೊರಗಿನ ನಾರುಗಳು ಆಗ ಹರಿಯಬಹುದು. ತಿರುಗಬೇಕಾದರೆ ಟೊಂಕವನ್ನು ತಿರುವಬೇಡಿರಿ, ಪಾದವನ್ನು ಎತ್ತಿಟ್ಟು ಇಡೀ ಮೈ ತಿರುಗಿರಿ.

ನಮ್ಮ ಹಮಾಲರನ್ನು ಗಮನಿಸಿದ್ದೀರಾ? ಅನುಭವಸ್ಥರು ಚೀಲವನ್ನು ನೆಲದಿಂದ ಒಬ್ಬರೇ ಎತ್ತುವುದಿಲ್ಲ. ಇಬ್ಬರು ಹಿಡಿದು ಒಬ್ಬನ ಬೆನ್ನಿಗೆ ಏರಿಸುತ್ತಾರೆ. ತಾಯಂದಿರೂ ಅಷ್ಟೇ. ಮೇವಿನ ಹೊರೆಯನ್ನು ಕಟ್ಟಿಟ್ಟು, "ಸ್ವಲ್ಪ ಹೊರಸವ್ವಾ" ಎಂದು ಪಕ್ಕದ ಹೊಲದವರನ್ನು ಕರೆಯುತ್ತಾರೆ. ಇದು ಸೋಮಾರಿತನವಲ್ಲ, ಒಳ್ಳೆಯ ಶಾಸ್ತ್ರ. ಹೊರುವುದಕ್ಕಿಂತ ನೆಲದಿಂದ ಎತ್ತುವ ಗಳಿಗೆಯೇ ಹೆಚ್ಚು ಅಪಾಯದ್ದು. ತಲೆಯ ಮೇಲೆ ಬಂದ ಭಾರ ಬೆನ್ನೆಲುಬಿನ ನೇರಕ್ಕೆ ನಿಲ್ಲುತ್ತದೆ. 1986ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ, ಚಿಕ್ಕಂದಿನಿಂದ ಹೊತ್ತು ರೂಢಿಯಿದ್ದ ಕೀನ್ಯಾ ದೇಶದ ಹೆಣ್ಣುಮಕ್ಕಳು ತಮ್ಮ ಮೈತೂಕದ ಐದನೆಯ ಒಂದು ಭಾಗದವರೆಗೆ ಹೊತ್ತು ನಡೆದಾಗ ಹೆಚ್ಚಿನ ಶಕ್ತಿ ವ್ಯಯವಾಗಲಿಲ್ಲ. 50 ಕಿಲೋ ತೂಗುವ ತಾಯಿಗೆ ಅದು 10 ಕಿಲೋ ಆಯಿತು. ಅದಕ್ಕಿಂತ ಹೆಚ್ಚಾದರೆ ದಣಿವು ಏರುತ್ತದೆ, ಕುತ್ತಿಗೆಯ ಮಣಿಗಳು ತೆರಬೇಕಾಗುತ್ತದೆ. ದೊಡ್ಡ ಹೊರೆ ಒಂದಕ್ಕಿಂತ ಸಣ್ಣ ಹೊರೆ ಎರಡು ಮೇಲು.

ಚೀಲದ ತೂಕದ ವಿಷಯವೂ ಇದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1967ರಲ್ಲಿಯೇ, ವಯಸ್ಕ ಗಂಡಸು ಹೊರುವ ಭಾರ 55 ಕಿಲೋ ಮೀರಿದ್ದರೆ ಅದನ್ನು ಬೇಗನೆ ಇಳಿಸಬೇಕೆಂದು ಶಿಫಾರಸು ಮಾಡಿತು. ಅಮೆರಿಕದ ಸರಕಾರಿ ಸಂಶೋಧನಾ ಸಂಸ್ಥೆಯೊಂದು 1991ರಲ್ಲಿ ಪರಿಷ್ಕರಿಸಿದ ಲೆಕ್ಕದಲ್ಲಿ, ಭಾರ ಮೈಗೆ ಹತ್ತಿರವಿದ್ದು, ಹಿಡಿಕೆ ಚೆನ್ನಾಗಿದ್ದು, ಮೈ ತಿರುವದೆ ಎತ್ತಿದರೂ 23 ಕಿಲೋ ಸಾಕು ಎಂದಿದೆ. ನಮ್ಮಲ್ಲಿ ಗೋವಿನಜೋಳದ ಚೀಲವನ್ನು ಬಾಯಿಯವರೆಗೆ ತುಂಬಿ, ಕೋಲಿನಿಂದ ಜಡಿದು, ಮತ್ತೆ ತುಂಬಿ ಹೊಲಿಯುತ್ತೇವೆ. ಯೂರಿಯಾ ಚೀಲವು 2018ರಲ್ಲಿ 50 ಕಿಲೋದಿಂದ 45ಕ್ಕೆ ಇಳಿಯಿತು. ಅದು ಗೊಬ್ಬರದ ಬಳಕೆ ತಗ್ಗಲೆಂದು ಮಾಡಿದ್ದು, ನಮ್ಮ ಬೆನ್ನಿಗಾಗಿ ಅಲ್ಲ. ನಮ್ಮ ಬೆನ್ನಿಗಾಗಿ ಚೀಲ ಇಳಿಸಬೇಕಾದವರು ನಾವೇ.

ಬಾಗಿ ದುಡಿಯುವವರಿಗೆ

ಭಾರ ಎತ್ತದವರಿಗೂ ಟೊಂಕ ನೋಯುವುದುಂಟು. ರಾಣೆಬೆನ್ನೂರು ಸೀಮೆಯಲ್ಲಿ ಬೀಜೋತ್ಪಾದನೆಯ ಹೊಲಗಳು ಹಲವು. ಅಲ್ಲಿ ಹೂವಿನಿಂದ ಹೂವಿಗೆ ಪರಾಗ ಮುಟ್ಟಿಸುವ ಹೆಣ್ಣುಮಕ್ಕಳು ಗಂಟೆಗಟ್ಟಲೆ ಬಾಗಿ ನಿಲ್ಲುತ್ತಾರೆ. ಮೆಣಸಿನಕಾಯಿ ಬಿಡಿಸುವವರು, ಕುರ್ಚಿಗೆ ಹಿಡಿದು ಕಸ ತೆಗೆಯುವವರು, ಸಸಿ ನಾಟುವವರು ಎಲ್ಲರದೂ ಇದೇ ಪಾಡು. ಕೈಯಲ್ಲಿ ಭಾರವಿಲ್ಲ, ಆದರೆ ಆ 150 ಕಿಲೋ ಎಳೆತ ದಿನವಿಡೀ ಇದ್ದೇ ಇದೆ.

ಬಹಳ ಹೊತ್ತು ಬಾಗಿದರೆ ಬೆನ್ನಿನ ಹಿಂಬದಿಯ ಕಟ್ಟುನಾರುಗಳು ಹಳೆಯ ಹಗ್ಗದಂತೆ ಜೋಲು ಬೀಳುತ್ತವೆ. ಕೆನಡಾ ದೇಶದ ವಾಟರ್‌ಲೂ ವಿಶ್ವವಿದ್ಯಾಲಯದ ಸಂಶೋಧಕರು 1992ರಲ್ಲಿ ತಿಳಿಸಿದಂತೆ, 20 ನಿಮಿಷ ಪೂರ್ತಿ ಬಾಗಿ ಎದ್ದವರ ಬೆನ್ನು ಎರಡು ನಿಮಿಷದ ವಿಶ್ರಾಂತಿಯಲ್ಲಿ ಅರ್ಧದಷ್ಟು ಮಾತ್ರ ಬಿಗಿಗೆ ಮರಳಿತ್ತು. ಅರ್ಧ ಗಂಟೆಯ ಮೇಲೂ ಸ್ವಲ್ಪ ಜೋಲು ಉಳಿದಿತ್ತು. ಇದರಿಂದ ನಾವು ತಿಳಿಯಬೇಕಾದದ್ದೇನು? ಸಾಲು ಮುಗಿಸಿ ಎದ್ದ ಕೂಡಲೇ ತುಂಬಿದ ಬುಟ್ಟಿಗೆ ಕೈ ಹಾಕಬಾರದು. ನೆಟ್ಟಗೆ ನಿಂತು, ಟೊಂಕಕ್ಕೆ ಕೈಕೊಟ್ಟು ನಿಧಾನವಾಗಿ ಹಿಂದಕ್ಕೆ ಬಾಗಿ, ಬದುವಿನ ಮೇಲೆ ನಾಲ್ಕು ಹೆಜ್ಜೆ ಅಡ್ಡಾಡಿ, ಒಂದು ಗುಟುಕು ನೀರು ಕುಡಿದು, ಆಮೇಲೆ ಎತ್ತಿರಿ. ಸಾಲಿನ ನಡುವೆಯೂ ಆಗಾಗ ಎದ್ದು ನಿಲ್ಲಿರಿ. ಹೀಗೆ ಎದ್ದವರನ್ನು "ಕೆಲಸಗಳ್ಳಿ" ಎಂದು ಹೊಲದ ಒಡೆಯರು ಬೈಯಬಾರದು. ಎತ್ತಿಗೆ ಉಸಿರು ಬಿಡಲು ಸಾಲಿನ ಕೊನೆಯಲ್ಲಿ ನಿಲ್ಲಿಸುವ ನಾವು ಆಳಿಗೂ ಅಷ್ಟನ್ನು ಕೊಡಬಾರದೇ?

ಬೆಳಗಿನ ಹೊತ್ತಿನದು ಇನ್ನೊಂದು ಸಂಗತಿ. ರಾತ್ರಿ ಮಲಗಿದಾಗ ಬೆನ್ನಿನ ಮೆತ್ತೆಗಳು ನೀರು ಹೀರಿ ಉಬ್ಬುತ್ತವೆ. ಆದ್ದರಿಂದಲೇ ನಾವೆಲ್ಲ ಸಂಜೆಗಿಂತ ಬೆಳಗ್ಗೆ ಒಂದಿಷ್ಟು ಎತ್ತರ ಇರುತ್ತೇವೆ. ಉಬ್ಬಿದ ಮೆತ್ತೆಯನ್ನು ಬಾಗಿಸಿದರೆ ಅದರ ಮೇಲೆ ಹೆಚ್ಚು ಒತ್ತಡ ಬೀಳುತ್ತದೆ. ಅಮೆರಿಕದಲ್ಲಿ 1998ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಬಹುದಿನದ ಟೊಂಕ ನೋವಿನವರು ಬೆಳಗಿನ ಹೊತ್ತು ಬಾಗುವುದನ್ನು ಬಿಟ್ಟಾಗ ಅವರ ನೋವು ಕಡಿಮೆಯಾಯಿತು. ನಮ್ಮ ಮನೆಗಳಲ್ಲಿ ಏಳುತ್ತಲೇ ಮಾಡುವ ಕೆಲಸ ಯಾವುದು? ದನದ ಕೊಟ್ಟಿಗೆಯ ಸಗಣಿ ಬಾಚಿ ಬುಟ್ಟಿ ಹೊರುವುದು. ಅದನ್ನು ಸ್ವಲ್ಪ ಹಿಂದಕ್ಕೆ ಹಾಕಿರಿ. ಮೊದಲು ಹಾಲು ಕಾಯಿಸಿ, ದನಕ್ಕೆ ಮೇವು ಹಾಕಿ, ಅಡ್ಡಾಡಿ ಮಾಡುವ ಕೆಲಸ ಮುಗಿಸಿ, ಒಂದು ಗಂಟೆ ಕಳೆದ ಮೇಲೆ ಸಗಣಿಗೆ ಕೈ ಹಾಕಿದರೆ ಕೊಟ್ಟಿಗೆಗೇನೂ ನಷ್ಟವಿಲ್ಲ. ಉದ್ದ ಹಿಡಿಕೆಯ ಸಲಿಕೆ ಇದ್ದರೆ ಇನ್ನೂ ಒಳ್ಳೆಯದು.

ಹಿಡಿಕೆಯ ಮಾತು ಬಂದಾಗ ಇನ್ನೊಂದನ್ನು ಹೇಳಬೇಕು. ನಮ್ಮ ದೇಶದಲ್ಲಿಯೂ ದುಡಿಯುವವರ ಮೈ ಅಳತೆಗೆ ತಕ್ಕ ಉಪಕರಣಗಳನ್ನು ರೂಪಿಸುವ ಕೆಲಸ ನಡೆದಿದೆ. ಭೋಪಾಲದ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆಯು ಇದರಲ್ಲಿ ಮುಂದು. ನಿಂತುಕೊಂಡೇ ಕಸ ತೆಗೆಯಬಹುದಾದ ಚಕ್ರದ ಕೈಕುಂಟೆ, ಕೈಯಲ್ಲಿ ಹಿಡಿದು ಗೋವಿನಜೋಳದ ತೆನೆ ಬಿಡಿಸುವ ಕೊಳವೆಯಾಕಾರದ ಸಾಧನ ಮುಂತಾದವು ಅಲ್ಪ ಬೆಲೆಯವು. ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಇವುಗಳ ವಿಷಯ ಕೇಳಿ ತಿಳಿಯಿರಿ. ಕೊಳ್ಳುವಾಗ ಹೆಣ್ಣುಮಕ್ಕಳ ಕೈಗೇ ಕೊಟ್ಟು, ಅವರ ಎತ್ತರಕ್ಕೆ ಹಿಡಿಕೆ ಹೊಂದುವುದೇ ಎಂದು ನೋಡಿರಿ. ದುಡಿಯುವವರು ಅವರು, ಆರಿಸುವವರು ನಾವು ಆಗಬಾರದು.

ಗರಡಿ ಮತ್ತು ಆಟದ ಬಯಲು

ಇನ್ನು ತರುಣರಿಗೆ ಎರಡು ಮಾತು. ಜಾತ್ರೆಯಲ್ಲಿ ಗುಂಡುಕಲ್ಲು ಎತ್ತುವ ಪೈಲ್ವಾನನನ್ನು ನೋಡಿರಿ. ಅವನು ಕಲ್ಲನ್ನು ಕಾಲುಗಳ ನಡುವೆ ತಂದು, ತೊಡೆಯ ಮೇಲೆ ಏರಿಸಿ, ಎದೆಗೆ ಅಪ್ಪಿಕೊಂಡು, ಆಮೇಲೆ ಏಳುತ್ತಾನೆ. ಕಲ್ಲು ಮೈಯನ್ನು ಬಿಟ್ಟು ಒಂದು ಗೇಣೂ ಸರಿಯುವುದಿಲ್ಲ. ಹಾರೆಯ ಲೆಕ್ಕವನ್ನು ಗರಡಿಯ ಉಸ್ತಾದರು ಪುಸ್ತಕವಿಲ್ಲದೆ ಕಲಿಸಿದ್ದರು. ದಿನವೂ ಬಸ್ಕಿ ಹೊಡೆದು ಬೆಳೆಸಿದ ತೊಡೆ ಅವನ ಟೊಂಕವನ್ನು ಕಾಯುತ್ತದೆ. ಒಂದು ದಿನವೂ ಸಾಮು ಮಾಡದವನು ಜಾತ್ರೆಯ ದಿನ ಪಂಥಕ್ಕೆ ಬಿದ್ದು ಚೀಲ ಎತ್ತಲು ಹೋದರೆ ಬಹುಮಾನ ಸಿಕ್ಕೀತು, ಟೊಂಕ ಹೋದೀತು.

ಕಬಡ್ಡಿಯಲ್ಲಿ ಪೆಟ್ಟು ಬೀಳುವುದು ಹೆಚ್ಚಾಗಿ ಮೊಳಕಾಲಿಗೆ, ಹರಡಿಗೆ. ಓಡುತ್ತಿದ್ದವನು ಫಕ್ಕನೆ ನಿಂತು ದಿಕ್ಕು ಬದಲಿಸುವಾಗ ಪಾದ ನೆಲಕ್ಕೆ ಕಚ್ಚಿಕೊಂಡು, ಮೇಲಿನ ಮೈ ತಿರುಗಿ, ಮೊಳಕಾಲು ಒಳಕ್ಕೆ ಮುರುಟುತ್ತದೆ. ಆಗ ಒಳಗಿನ ಕಟ್ಟುನಾರು ಹರಿಯಬಹುದು. ಎದುರಾಳಿ ಮುಟ್ಟದಿದ್ದರೂ ಇದು ಆಗುವುದುಂಟು. ಇದನ್ನು ತಡೆಯಬಹುದೇ? ಬಹಳ ಮಟ್ಟಿಗೆ ತಡೆಯಬಹುದು. ನಾರ್ವೆ ದೇಶದಲ್ಲಿ ಹ್ಯಾಂಡ್‌ಬಾಲ್ ಆಡುವ 15ರಿಂದ 17 ವಯಸ್ಸಿನ 1837 ಹುಡುಗ ಹುಡುಗಿಯರ ಮೇಲೆ ಪ್ರಯೋಗ ಮಾಡಿ 2005ರಲ್ಲಿ ಪ್ರಕಟಿಸಿದರು. ಆ ಆಟದಲ್ಲಿಯೂ ಕಬಡ್ಡಿಯಂತೆ ಓಡುವುದು, ನಿಲ್ಲುವುದು, ತಿರುಗುವುದು ಇದೆ. ಅರ್ಧ ತಂಡಗಳು ಆಟಕ್ಕೆ ಮೊದಲು 15ರಿಂದ 20 ನಿಮಿಷ ನಿಧಾನ ಓಟ, ತಿರುಗುವ ಮತ್ತು ಜಿಗಿದಿಳಿಯುವ ಅಭ್ಯಾಸ, ಸಮತೋಲನ, ಕಾಲಿನ ಬಲದ ವ್ಯಾಯಾಮ ಮಾಡಿದವು. ಅವರಲ್ಲಿ ಮೊಳಕಾಲು ಮತ್ತು ಹರಡಿನ ಪೆಟ್ಟುಗಳು ಉಳಿದವರಿಗಿಂತ ಸುಮಾರು ಅರ್ಧಕ್ಕೆ ಇಳಿದವು. ಇದಕ್ಕೆ ದುಡ್ಡು ಬೇಕಿಲ್ಲ. ಯುವಕ ಮಂಡಳದವರು ಪಂದ್ಯಕ್ಕೆ ಮೊದಲು ಕಾಲು ಗಂಟೆ ಬೇಗ ಬಂದರೆ ಸಾಕು. ಬಸ್ಕಿ ಹೊಡೆಯುವಾಗಲೂ ಜಿಗಿದು ಇಳಿಯುವಾಗಲೂ ಮೊಳಕಾಲು ಪಾದದ ನೇರಕ್ಕೇ ಇರಬೇಕು, ಒಳಕ್ಕೆ ಬೀಳಬಾರದು ಎಂಬುದನ್ನು ಒಬ್ಬರನ್ನೊಬ್ಬರು ನೋಡಿ ತಿದ್ದಿಕೊಳ್ಳಿರಿ.

ಇಳಿಯುವ ಹದಕ್ಕೆ ನಮ್ಮ ಸೀಮೆಯಲ್ಲಿಯೇ ಒಂದು ಉದಾಹರಣೆಯಿದೆ. ದೇವರಗುಡ್ಡದ ಕಾರ್ಣಿಕದಲ್ಲಿ ಗೊರವಯ್ಯನವರು ಎತ್ತರದ ಬಿಲ್ಲನ್ನೇರಿ, ಕಾರ್ಣಿಕ ನುಡಿದು, ಕೆಳಕ್ಕೆ ಬೀಳುತ್ತಾರೆ. ಅಷ್ಟು ಎತ್ತರದಿಂದ ಬಿದ್ದರೂ ಕೆಳಗೆ ನಿಂತ ಭಕ್ತರ ಕೈಗಳು ಅವರನ್ನು ಹಿಡಿಯುತ್ತವೆ. ಆ ಕೈಗಳು ಭಾರಕ್ಕೆ ತಗ್ಗುತ್ತ ತಗ್ಗುತ್ತ ಮೆಲ್ಲಗೆ ನಿಲ್ಲಿಸುತ್ತವೆ. ಬಿದ್ದ ವೇಗವು ಎಷ್ಟು ಅಂತರದಲ್ಲಿ ಅಡಗುತ್ತದೆ ಎಂಬುದರ ಮೇಲೆ ಪೆಟ್ಟು ನಿಂತಿದೆ. ಒಂದು ಮೀಟರ್ ಎತ್ತರದ ಟ್ರೇಲರಿನಿಂದ ನೀವು ಜಿಗಿದಿರಿ ಎನ್ನಿ. ಕಾಲು ಸೆಟೆದುಕೊಂಡು ಹತ್ತೇ ಸೆಂಟಿಮೀಟರಿನಲ್ಲಿ ನಿಂತರೆ ಮೈಗೆ ನಿಮ್ಮ ತೂಕದ ಸರಾಸರಿ 11 ಪಟ್ಟು ಬಲ ತಾಗುತ್ತದೆ. ಮುಂಗಾಲಿನ ಮೇಲೆ ಇಳಿದು, ಮೊಳಕಾಲು ಮತ್ತು ಟೊಂಕದ ಕೀಲು ಮಡಿಸಿ, 40 ಸೆಂಟಿಮೀಟರ್ ತಗ್ಗಿ ನಿಂತರೆ ಅದು ಮೂರೂವರೆ ಪಟ್ಟಿಗೆ ಇಳಿಯುತ್ತದೆ. ಚೀಲ ಇಳಿಸಿ ದಣಿದ ಮೇಲೆ ದಿನಕ್ಕೆ ಇಪ್ಪತ್ತು ಸಲ ಹೀಗೆ ಸೆಟೆದ ಕಾಲಿನಲ್ಲಿ ಜಿಗಿಯುವವರ ಮೊಳಕಾಲು, ಹಿಮ್ಮಡಗಳ ಗತಿ ನೀವೇ ಯೋಚಿಸಿರಿ. ಜಿಗಿಯುವುದಕ್ಕಿಂತ ಮೆಟ್ಟಿಲು ಇಟ್ಟುಕೊಂಡು ಇಳಿಯುವುದು ಎಲ್ಲಕ್ಕಿಂತ ಉತ್ತಮ.

ದೀಪಾವಳಿಯ ನಂತರ ನಮ್ಮ ಹಳ್ಳಿಗಳಲ್ಲಿ ಕೊಬ್ಬರಿ ಹೋರಿ ಹಬ್ಬಗಳು ನಡೆಯುತ್ತವೆ. ಹೋರಿ ನಮ್ಮ ಹೆಮ್ಮೆ, ನಿಜ. ಆದರೆ ಲೆಕ್ಕ ಮರೆಯಬಾರದು. 400 ಕಿಲೋ ತೂಗುವ ಹೋರಿ ಒಬ್ಬ ತರುಣನ ಓಟದ ವೇಗದಲ್ಲಿಯೇ ಬಂದು ಗುದ್ದಿದರೂ, ಸುಮಾರು ಏಳು ಜನ ತರುಣರು ಒಟ್ಟಾಗಿ ಬಂದು ಗುದ್ದಿದಷ್ಟಾಗುತ್ತದೆ. ಅದರ ಮೇಲೆ ಕೊಂಬು ಬೇರೆ. ನೋಡಲು ಬಂದವರೂ ಪೆಟ್ಟು ತಿಂದದ್ದು, ಜೀವ ಕಳೆದುಕೊಂಡದ್ದು ಉಂಟು. ಹೋರಿ ಓಡುವ ದಾರಿಯಲ್ಲಿ ನೋಟಗಾರರು ನಿಲ್ಲಬಾರದು. ಬೇಲಿ ಗಟ್ಟಿಯಿರಬೇಕು, ಮಕ್ಕಳು ಮತ್ತು ಹಿರಿಯರು ಎತ್ತರದ ಜಾಗದಲ್ಲಿರಬೇಕು, ಆಂಬುಲೆನ್ಸ್ ಬರಲು ದಾರಿ ತೆರೆದಿರಬೇಕು. ಇಷ್ಟಿಲ್ಲದ ಕಡೆ ಹೋರಿ ಬಿಡುವುದು ಬೇಡವೆಂದು ಹೇಳುವ ಧೈರ್ಯ ಊರ ಹಿರಿಯರಿಗೆ ಇರಬೇಕು.

ಪೆಟ್ಟಾದರೆ

ಸಾಮಾನ್ಯ ಟೊಂಕ ನೋವು ಬಹುಮಂದಿಗೆ ಕೆಲವು ವಾರಗಳಲ್ಲಿ ತಗ್ಗುತ್ತದೆ. ಅದಕ್ಕಾಗಿ ವಾರಗಟ್ಟಲೆ ಹಾಸಿಗೆ ಹಿಡಿಯಬಾರದು. ಭಾರದ ಕೆಲಸ ಬಿಟ್ಟು, ತಾಳುವಷ್ಟು ಅಡ್ಡಾಡುತ್ತ ಇರುವುದೇ ಒಳ್ಳೆಯದು. ಆದರೆ ಕಾಲು ಬಲಗುಂದಿದರೆ, ತೊಡೆಸಂದಿಯ ಸುತ್ತ ಜೋಮು ಹಿಡಿದರೆ, ಮೂತ್ರ ಮಲಗಳ ಹಿಡಿತ ತಪ್ಪಿದರೆ ಒಂದು ದಿನವೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ಮೊಳಕಾಲು "ಟಪ್" ಎಂದು ಸದ್ದಾಗಿ ಕೆಲವೇ ಗಂಟೆಗಳಲ್ಲಿ ಬಾತರೆ ಅದನ್ನು ಎಳೆಸುವುದು, ತಿಕ್ಕಿಸುವುದು ಬೇಡ. ವೈದ್ಯರಿಗೆ ತೋರಿಸಿರಿ. ಮರದಿಂದಲೋ ಗಾಡಿಯಿಂದಲೋ ಬಿದ್ದವರಿಗೆ, ಹೋರಿ ಹಾಯ್ದವರಿಗೆ ಕುತ್ತಿಗೆ ಅಥವಾ ಬೆನ್ನು ನೋವಿದ್ದರೆ ಕೈಕಾಲು ಹಿಡಿದು ಎತ್ತಿ ಕೂರಿಸಬೇಡಿರಿ. ಇದ್ದ ಹಾಗೆಯೇ ಮಲಗಿಸಿ, ತಲೆ ಅಲುಗದಂತೆ ಹಿಡಿದು, 108ಕ್ಕೆ ಕರೆ ಮಾಡಿರಿ. ಅವಸರದ ಉಪಕಾರವೇ ಒಬ್ಬನ ಕಾಲುಗಳನ್ನು ಶಾಶ್ವತವಾಗಿ ಕಸಿಯಬಹುದು.

ನಾವು ಮಾಡಬೇಕಾದದ್ದು

ಕೊನೆಯದಾಗಿ ಒಂದು ಸತ್ಯವನ್ನು ಹೇಳಬೇಕು. ಹೀಗೆ ಎತ್ತಿರಿ, ಹಾಗೆ ಬಾಗಿರಿ ಎಂದು ಉಪದೇಶ ಮಾಡಿದಷ್ಟಕ್ಕೇ ಬೆನ್ನುನೋವು ನಿಲ್ಲುವುದಿಲ್ಲ. ಬೇರೆ ಬೇರೆ ದೇಶಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ 2008ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ, ಎತ್ತುವ ಬಗೆಯನ್ನು ಕಲಿಸಿದ ಮಾತ್ರಕ್ಕೆ ನೋವು ತಗ್ಗಿತೆಂಬುದಕ್ಕೆ ಆಧಾರ ಸಿಗಲಿಲ್ಲ. ಏಕೆ? ಮಳೆ ಮೋಡ ಕವಿದಾಗ, ಲಾರಿಯವನು ಅವಸರ ಮಾಡಿದಾಗ, ಕಲಿತದ್ದು ಯಾರಿಗೆ ನೆನಪಾಗುತ್ತದೆ? ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಹೇಳಿದ್ದಾರೆ. ಆದ್ದರಿಂದ ಮನುಷ್ಯನನ್ನಷ್ಟೇ ತಿದ್ದದೆ ಕೆಲಸವನ್ನೂ ತಿದ್ದಬೇಕು. ಅವಸರದಲ್ಲಿಯೂ ತಪ್ಪದಂತೆ ಏರ್ಪಾಡು ಮಾಡಬೇಕು.

ಒಂದನೆಯದಾಗಿ, ಈ ಸುಗ್ಗಿಯಿಂದ ಮನೆಯ ಮಟ್ಟಿಗೆ ಚೀಲವನ್ನು ಅರ್ಧ ತುಂಬಿರಿ. ಚೀಲ ನಾಲ್ಕು ಹೆಚ್ಚಾದರೂ ಚಿಂತೆಯಿಲ್ಲ.

ಎರಡನೆಯದಾಗಿ, ಕಣದಲ್ಲಿ ಮತ್ತು ಮನೆಯ ಮುಂದೆ ಮೊಳಕಾಲಿಗಿಂತ ಎತ್ತರ, ಸೊಂಟಕ್ಕಿಂತ ತಗ್ಗು ಇರುವ ಒಂದು ಕಲ್ಲುಕಟ್ಟೆ ಕಟ್ಟಿರಿ. ಚೀಲವನ್ನು ಕಟ್ಟೆಯ ಮೇಲೆಯೇ ಇಟ್ಟು ತುಂಬಿದರೆ ಅದು ನೆಲಕ್ಕೆ ಇಳಿಯುವುದೇ ಇಲ್ಲ, ನೆಲದಿಂದ ಎತ್ತುವ ಪ್ರಶ್ನೆಯೂ ಇಲ್ಲ.

ಮೂರನೆಯದಾಗಿ, ಓಣಿಗೊಂದು ಕೈಗಾಡಿ ಇಟ್ಟುಕೊಳ್ಳಿರಿ. ಗೊಬ್ಬರ, ನೀರಿನ ಕೊಡ, ಹಿಂಡಿ ಚೀಲ ಎಲ್ಲವನ್ನೂ ಚಕ್ರ ಹೊರಲಿ.

ನಾಲ್ಕನೆಯದಾಗಿ, ಮಹಿಳಾ ಮಂಡಲದವರು ಕೂಡಿ ಎರಡು ಚಕ್ರದ ಕೈಕುಂಟೆಗಳನ್ನು ಕೊಂಡು ಸರದಿಯಲ್ಲಿ ಬಳಸಿರಿ. ಬಾಗುವ ಕೆಲಸದ ನಡುವೆ ನಿಂತು ಮಾಡುವ ಕೆಲಸವನ್ನು ಹೆಣೆಯಿರಿ.

ಐದನೆಯದಾಗಿ, ಯುವಕ ಮಂಡಳದವರು ಆಟಕ್ಕೆ ಮೊದಲಿನ ಕಾಲು ಗಂಟೆಯ ವ್ಯಾಯಾಮವನ್ನು ನಿಯಮವಾಗಿ ಮಾಡಿರಿ. ಬಯಲಿನ ಕಲ್ಲು ಗಾಜು ಆರಿಸಿ, ಮಣ್ಣು ಕೆದಕಿ ಮೆತ್ತಗೆ ಮಾಡಿರಿ.

ಒಕ್ಕಲುತನದಲ್ಲಿ ಮಳೆ ನಮ್ಮ ಕೈಯಲ್ಲಿಲ್ಲ, ಪೇಟೆಯ ಧಾರಣೆ ನಮ್ಮ ಕೈಯಲ್ಲಿಲ್ಲ. ಚೀಲ ಎಷ್ಟು ತುಂಬಬೇಕು, ಕಟ್ಟೆ ಎಷ್ಟು ಎತ್ತರ ಕಟ್ಟಬೇಕು, ಭಾರವನ್ನು ಎಷ್ಟು ಹತ್ತಿರ ಹಿಡಿಯಬೇಕು ಎಂಬುದು ಮಾತ್ರ ಪೂರ್ತಿಯಾಗಿ ನಮ್ಮ ಕೈಯಲ್ಲಿದೆ. ಒಬ್ಬ ದುಡಿಯುವವನ ಟೊಂಕ ಮುರಿದರೆ ಒಂದು ಮನೆಯ ಹಂಗಾಮು ಹೋಗುತ್ತದೆ, ಮಗನ ಶಾಲೆ ಬಿಡಿಸಿ ಹೊಲಕ್ಕೆ ಕಳಿಸಬೇಕಾಗುತ್ತದೆ, ಸಾಲ ಬಾಗಿಲಿಗೆ ಬರುತ್ತದೆ. ಅದನ್ನು ತಪ್ಪಿಸಲು ನಾಲ್ಕು ಕಲ್ಲಿನ ಕಟ್ಟೆ ಸಾಕೆಂದರೆ ತಡವೇಕೆ? ಮುಂದಿನ ತಿಂಗಳು ನಾನು ನಿಮ್ಮ ಊರಿಗೆ ಬಂದಾಗ ಬೆಳೆ ನೋಡುವ ಮೊದಲು ಕಟ್ಟೆ ನೋಡುತ್ತೇನೆ.